ಕಡಿಮೆ ಬಡ್ಡಿಯ ಕ್ರೆಡಿಟ್ ಕಾರ್ಡ್: ಬ್ಯಾಂಕಿನದೋ, ಕ್ರೆಡಿಟ್ ಯೂನಿಯನ್ನಿನದೋ?

ಅಮೆರಿಕಕ್ಕೆ ಹೊಸದಾಗಿ ಹೋದ ಕನ್ನಡಿಗರು ಕ್ರೆಡಿಟ್ ಯೂನಿಯನ್ ಎಂದರೇನೆಂದು ತಿಳಿಯಲು ನಮ್ಮೂರಿನ ಪತ್ತಿನ ಸಹಕಾರ ಸಂಘವನ್ನು ನೆನೆದರೆ ಸಾಕು: ಅಲ್ಲಿಯೂ ಸದಸ್ಯರೇ ಒಡೆಯರು. ಫೆಡರಲ್ ಕ್ರೆಡಿಟ್ ಯೂನಿಯನ್‌ಗಳು, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಪರವಾನಗಿ ಪಡೆದವು, ಕಾರ್ಡಿನ ಸಾಲಕ್ಕೆ ವರ್ಷಕ್ಕೆ ಶೇ 18ಕ್ಕಿಂತ ಹೆಚ್ಚು ಬಡ್ಡಿ ವಿಧಿಸುವಂತಿಲ್ಲ. ಈ ಮಿತಿ 1987ರಿಂದಲೂ ಮುಂದುವರಿದಿದೆ. ಬ್ಯಾಂಕುಗಳಿಗೆ ದೇಶಕ್ಕೆಲ್ಲ ಅನ್ವಯಿಸುವ ಅಂಥ ಮಿತಿಯಿಲ್ಲದ ಕಾರಣ ಶೇ 20 ದಾಟಿದ ದರ ಅಲ್ಲಿ ಸಾಮಾನ್ಯ. 3,000 ಡಾಲರ್ ಬಾಕಿ ವರ್ಷವಿಡೀ ಉಳಿದರೆ ಶೇ 18ರಲ್ಲಿ ಸುಮಾರು 540 ಡಾಲರ್, ಶೇ 24ರಲ್ಲಿ ಸುಮಾರು 720 ಡಾಲರ್ ಬಡ್ಡಿಯಾಗುತ್ತದೆ. ಮನೆ ನಡೆಸುವವರಿಗೆ ಇದು ಸಣ್ಣ ಅಂತರವಲ್ಲ.

ಆದರೆ ಹಳೆಯ ಬಾಕಿಯನ್ನು ಹೊಸ ಕಾರ್ಡಿಗೆ ವರ್ಗಾಯಿಸಿ, ನಿಗದಿತ ಅವಧಿಯೊಳಗೆ ಪೂರ್ತಿ ತೀರಿಸಬಲ್ಲವರಿಗೆ ಬ್ಯಾಂಕಿನ ಕಾರ್ಡೇ ಅಗ್ಗವಾಗಬಹುದು. ದೊಡ್ಡ ಬ್ಯಾಂಕುಗಳು ಹದಿನೈದು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಶೂನ್ಯ ಬಡ್ಡಿ ಕೊಡುವುದುಂಟು. ವರ್ಗಾವಣೆ ಶುಲ್ಕ ಸಾಮಾನ್ಯವಾಗಿ ಶೇ 3ರಿಂದ 5, ಅಂದರೆ 3,000 ಡಾಲರಿಗೆ 90ರಿಂದ 150 ಡಾಲರ್. ಅವಧಿ ಮುಗಿದಾಗ ಬಾಕಿ ಉಳಿದಿದ್ದರೆ ಅದಕ್ಕೆ ಪೂರ್ಣ ದರ ಬೀಳುತ್ತದೆ. ತಿಂಗಳ ಆದಾಯ ಏರುಪೇರಾಗುವವರಿಗೆ ನಾನು ಕ್ರೆಡಿಟ್ ಯೂನಿಯನ್ನಿನ ಸ್ಥಿರವಾದ ಕಡಿಮೆ ದರವನ್ನೇ ಸೂಚಿಸುತ್ತೇನೆ.

ಯೂನಿಯನ್ನಿಗೆ ಸದಸ್ಯರಾಗಬೇಕು, ಉದ್ಯೋಗ, ಊರು ಅಥವಾ ಸಂಘದ ನಂಟು ಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದ ಎಚ್ಚರವೆಂದರೆ, ಕೆಲವು ಯೂನಿಯನ್‌ಗಳ ಕರಾರಿನಲ್ಲಿ ನಿಮ್ಮ ಉಳಿತಾಯ ಖಾತೆಯ ಹಣವನ್ನು ಕಾರ್ಡಿನ ಸಾಲಕ್ಕೆ ಭದ್ರತೆಯಾಗಿ ಒಪ್ಪಿಸುವ ಷರತ್ತಿರುತ್ತದೆ. ಸಹಿ ಹಾಕುವ ಮೊದಲು ಆ ಷರತ್ತನ್ನು ಹುಡುಕಿ ಓದಿರಿ.