ಕಪ್ ಗೆದ್ದ ಮೇಲಿನ ಸೀಸನ್‌ಗೆ ದುಡ್ಡು ಹಾಕ್ಬೋದಾ? ಯುಕಾನ್ ಹಸ್ಕೀಸ್ 2024-25: ಟಿಕೆಟ್, ಸ್ಟೇಡಿಯಂ, ಟೀವಿ ಎಲ್ಲಾ ಸೇರಿಸಿ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಟ್ ಮಾಡಿರೋದು ಟೀಮ್ ಸೋತಿದ್ದಕ್ಕಲ್ಲ, ಟಿಕೆಟ್ ಕೊಳ್ಳೋ ರಗಳೆಗೆ, ಅದನ್ನ ಆಮೇಲೆ ಬರೀತೀನಿ. "ಎರಡು ಸಲ ಗೆದ್ದಾಯ್ತಲ್ಲ, ಒಳ್ಳೇ ಪ್ಲೇಯರ್ಸೆಲ್ಲ ಎನ್‌ಬಿಎಗೆ ಹೊರಟೋದ್ರು, ಇನ್ನೇನಿದೆ ನೋಡೋಕೆ, ಈ ವರ್ಷ ಟಿಕೆಟ್ ತಗೊಳ್ಳೋದು ದಂಡ" ಅಂತ ಬಹಳ ಜನ ಅಂದ್ರು. ನನಗೆ ಅನ್ಸಿದ್ದು ಪೂರ್ತಿ ಉಲ್ಟಾ. ಬಾಸ್ಕೆಟ್‌ಬಾಲ್ ಅರ್ಥ ಮಾಡ್ಕೋಬೇಕು, ಒಂದು ಟೀಮ್ ಹೆಂಗೆ ಕಟ್ತಾರೆ ಹೆಂಗೆ ಬೀಳುತ್ತೆ ಮತ್ತೆ ಹೆಂಗೆ ಏಳುತ್ತೆ ಅಂತ ಕಣ್ಣಾರೆ ನೋಡ್ಬೇಕು ಅನ್ನೋರಿಗೆ ಗೆದ್ದ ವರ್ಷಕ್ಕಿಂತ ಗೆದ್ದ ಮರುವರ್ಷವೇ ದುಡ್ಡಿಗೆ ಜಾಸ್ತಿ ಕೊಡುತ್ತೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಯುಕಾನ್ ಅಂದ್ರೆ ಅಮೆರಿಕಾದ ಯೂನಿವರ್ಸಿಟಿ ಆಫ್ ಕನೆಕ್ಟಿಕಟ್, ಹಸ್ಕೀಸ್ ಅಂದ್ರೆ ಅದರ ಟೀಮು, ಇಲ್ಲಿ ಮಾತು ಗಂಡಸರ ಕಾಲೇಜ್ ಬಾಸ್ಕೆಟ್‌ಬಾಲ್ ಟೀಮಿನದ್ದು. 2023ರಲ್ಲಿ ಹ್ಯೂಸ್ಟನ್ ಊರಲ್ಲಿ ಸ್ಯಾನ್ ಡಿಯಾಗೋ ಸ್ಟೇಟನ್ನ 76-59ಕ್ಕೆ ಹೊಡೆದು ನ್ಯಾಷನಲ್ ಚಾಂಪಿಯನ್ ಆದ್ರು, 2024ರಲ್ಲಿ ಅರಿಜೋನಾದ ಗ್ಲೆಂಡೇಲಲ್ಲಿ ಪರ್ಡ್ಯೂನ 75-60ಕ್ಕೆ. ಎರಡೂ ಟೂರ್ನಮೆಂಟಲ್ಲಿ ಆಡಿದ ಹನ್ನೆರಡೂ ಮ್ಯಾಚನ್ನ ಹತ್ತು ಪಾಯಿಂಟಿಗಿಂತ ಜಾಸ್ತಿ ಅಂತರದಲ್ಲೇ ಗೆದ್ದಿದ್ದು, ಒಂದಾದ್ರೂ ಕೊನೇ ಶಾಟ್ ತನಕ ಹೋಗ್ಲಿಲ್ಲ. ಸತತ ಎರಡು ಸಲ ಗೆದ್ದೋರು ಇವರಿಗಿಂತ ಮುಂಚೆ 2006, 2007ರ ಫ್ಲೋರಿಡಾ. ಸತತ ಮೂರು ಬೇಕು ಅಂದ್ರೆ ಕೋಚ್ ಜಾನ್ ವುಡನ್ ಕಾಲದ ಯುಸಿಎಲ್‌ಎ ತನಕ ಹಿಂದೆ ಹೋಗ್ಬೇಕು, 1967ರಿಂದ 1973ರ ತನಕ ಏಳಕ್ಕೆ ಏಳೂ ಅವರದ್ದೇ, ಆಮೇಲೆ ಆ ಕೆಲಸ ಯಾರ ಕೈಲೂ ಆಗಿಲ್ಲ.

ಅಂದ್ರೆ 2024-25ಕ್ಕೆ ಟಿಕೆಟ್ ತಗೊಂಡೋರು ಏನು ಕೊಂಡ್ರು ಅಂದ್ರೆ ಆ ಮೂರನೇ ಕಪ್ಪಿನ ಆಸೆ. ಆದ್ರೆ ಡಬ್ಬದೊಳಗೆ ಇದ್ದಿದ್ದು ಬೇರೆ ಟೀಮು. ಸ್ಟೀಫನ್ ಕ್ಯಾಸಲ್ ಎನ್‌ಬಿಎ ಟೀಮ್‌ಗಳು ಹೊಸ ಪ್ಲೇಯರ್ಸನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ ನಾಲ್ಕನೇ ನಂಬರಿಗೆ ಸ್ಯಾನ್ ಆಂಟೋನಿಯೋಗೆ ಹೋದ, ಡೊನೊವನ್ ಕ್ಲಿಂಗನ್ ಏಳನೇ ನಂಬರಿಗೆ ಪೋರ್ಟ್‌ಲ್ಯಾಂಡಿಗೆ, ಟ್ರಿಸ್ಟನ್ ನ್ಯೂಟನ್ ಮತ್ತೆ ಕ್ಯಾಮ್ ಸ್ಪೆನ್ಸರ್ ಇಬ್ರೂ ಸೆಕೆಂಡ್ ರೌಂಡಲ್ಲಿ. ಐದು ಜನ ಸ್ಟಾರ್ಟರ್ಸಲ್ಲಿ ಉಳಿದಿದ್ದು ಅಲೆಕ್ಸ್ ಕರಬನ್ ಒಬ್ಬನೇ. ಕೋಚ್ ಡ್ಯಾನ್ ಹರ್ಲಿ ಕೂಡ ಹೋಗೇಬಿಡ್ತಾರೆ ಅನ್ನೋ ಹಾಗಿತ್ತು, ಎನ್‌ಬಿಎ ಟೀಮ್ ಲಾಸ್ ಏಂಜಲೀಸ್ ಲೇಕರ್ಸ್ ದೊಡ್ಡ ಆಫರ್ ಇಟ್ಟಿತ್ತು, 2024ರ ಜೂನಲ್ಲಿ ಬೇಡ ಅಂತ ಹೇಳಿ ಇಲ್ಲೇ ಉಳ್ಕೊಂಡ್ರು.

ಗೆದ್ದ ಮರುವರ್ಷ ಟೀಮ್‌ಗಳು ಏನಾಗ್ತವೆ ಅನ್ನೋದು ಗೊತ್ತಿದ್ರೆ ಈ ಸೀಸನ್ ಬಗ್ಗೆ ಇಷ್ಟು ಸಿಟ್ಟು ಬರಲ್ಲ. ಫ್ಲೋರಿಡಾ ಎರಡನೇ ಕಪ್ ಆದ್ಮೇಲೆ 2008ರಲ್ಲಿ ನ್ಯಾಷನಲ್ ಚಾಂಪಿಯನ್ ಯಾರು ಅಂತ ತೀರ್ಮಾನ ಆಗೋ ಎನ್‌ಸಿಎಎ ಟೂರ್ನಮೆಂಟಿಗೇ ಸೆಲೆಕ್ಟ್ ಆಗದೆ ಎನ್‌ಐಟಿ ಅನ್ನೋ ಎರಡನೇ ದರ್ಜೆ ಟೂರ್ನಮೆಂಟ್ ಆಡ್ತು. 2009ರಲ್ಲಿ ಗೆದ್ದ ನಾರ್ತ್ ಕ್ಯಾರೊಲೈನಾ ಮರುವರ್ಷ ಎನ್‌ಐಟಿ. 2012ರಲ್ಲಿ ಗೆದ್ದ ಕೆಂಟಕಿ ಮರುವರ್ಷ ಎನ್‌ಐಟಿ, ಅದ್ರಲ್ಲೂ ಮೊದಲ ರೌಂಡಲ್ಲೇ ರಾಬರ್ಟ್ ಮಾರಿಸ್ ಅನ್ನೋ ಚಿಕ್ಕ ಕಾಲೇಜಿನ ಕೈಲಿ 59-57ಕ್ಕೆ ಸೋತು ಮನೆಗೆ. ಬೇರೆಯವರದ್ದು ಬಿಡಿ, ಇದೇ ಯುಕಾನ್ 2014ರಲ್ಲಿ ಗೆದ್ದು 2015ರಲ್ಲಿ ಎನ್‌ಐಟಿ ಮೊದಲ ರೌಂಡಲ್ಲೇ ಔಟು. ಒಳ್ಳೇ ಹುಡುಗರು ಒಟ್ಟಿಗೆ ಹೋಗ್ತಾರೆ, ಉಳಿದೋರಿಗೆ ಹೊಸ ಜವಾಬ್ದಾರಿ ಬೀಳುತ್ತೆ, ಎದುರು ಬರೋ ಪ್ರತಿ ಟೀಮಿಗೂ ಚಾಂಪಿಯನ್ನನ್ನ ಸೋಲಿಸೋದು ಅಂದ್ರೆ ಅವರ ವರ್ಷದ ದೊಡ್ಡ ಹಬ್ಬ, ಸುಮ್ನೆ ಬಂದು ಆಡಿ ಹೋಗೋರು ಯಾರೂ ಇಲ್ಲ. ಮತ್ತೆ ಟಿಕೆಟ್ ಕೊಂಡ ನಮಗೆ ಅದೇ ಲಾಭ, ಪ್ರತಿ ಮ್ಯಾಚೂ ಟೈಟಾಗಿರುತ್ತೆ.

ನವೆಂಬರಲ್ಲಿ ಮಾವಿ ಇನ್ವಿಟೇಷನಲ್. ಹವಾಯಿಯ ಲಹೈನಾದಲ್ಲಿ, 2023ರ ಬೆಂಕಿ ದುರಂತ ಆದ್ಮೇಲೆ ಟೂರ್ನಮೆಂಟ್ ಮತ್ತೆ ಅದೇ ಊರಿಗೆ ವಾಪಸ್ ಬಂದ ವರ್ಷ ಅದು. ಲಹೈನಾ ಸಿವಿಕ್ ಸೆಂಟರ್ ಚಿಕ್ಕ ಜಿಮ್ಮು, ಎರಡೂವರೆ ಸಾವಿರ ಜನವೂ ಹಿಡಿಯಲ್ಲ, ಟೀವೀಲಿ ನೋಡಿದ್ರೂ ಕೋಚ್ ಕೂಗೋದು ಕೇಳುತ್ತೆ. ಆಗ ಯುಕಾನ್ ರ‍್ಯಾಂಕಿಂಗಲ್ಲಿ ಎರಡನೇ ನಂಬರ್. ಮೊದಲ ದಿನ ಮೆಂಫಿಸ್, ಓವರ್‌ಟೈಮು, ಟೈ ಆಗಿದೆ, ಕೊನೇ ನಿಮಿಷ, ರೀಬೌಂಡ್‌ಗೆ ಯುಕಾನ್ ಹೊಸ ಹುಡುಗ ಲಿಯಾಮ್ ಮೆಕ್‌ನೀಲಿ ಹಾರಿದ್ದಕ್ಕೆ ಹಿಂದಿಂದ ಮೈಮೇಲೆ ಬಿದ್ದ ಅಂತ ಫೌಲ್ ಕೊಟ್ರು, ಹರ್ಲಿ ಸೈಡ್‌ಲೈನಲ್ಲಿ ಅಂಗಾತ ನೆಲಕ್ಕೇ ಬಿದ್ರು, ಟೆಕ್ನಿಕಲ್ ಫೌಲ್ ಬಿತ್ತು, ಮೆಂಫಿಸ್ ಹುಡುಗ ನಾಲ್ಕಕ್ಕೆ ನಾಲ್ಕು ಫ್ರೀ ಥ್ರೋ ಹಾಕಿದ, 99-97. ಮಾರನೇ ದಿನ ಕೊಲೊರಾಡೋ ಕೈಲಿ 73-72. ಅದರ ಮಾರನೇ ದಿನ ಡೇಟನ್ ಕೈಲಿ 85-67, ಅಲ್ಲಿ ಜೀವವೇ ಇರ್ಲಿಲ್ಲ. ಮೂರು ದಿನ ಮೂರು ಸೋಲು, ರ‍್ಯಾಂಕಿಂಗ್ ಎರಡರಿಂದ ಇಪ್ಪತ್ತೈದಕ್ಕೆ.

ಎಲ್ರೂ ಹರ್ಲಿ ಸಿಟ್ಟಿನ ಬಗ್ಗೆನೇ ಮಾತಾಡಿದ್ರು. ಆದ್ರೆ ಮ್ಯಾಚನ್ನ ನಿಧಾನವಾಗಿ ಇನ್ನೊಂದ್ಸಲ ನೋಡಿದ್ರೆ ಕಾಣೋದು ಬೇರೆ. ಕ್ಲಿಂಗನ್ ಏಳಡಿ ಎರಡಿಂಚು, ಹೋದ ವರ್ಷ ಯಾರಾದ್ರೂ ಗಾರ್ಡನ್ನ ದಾಟ್ಕೊಂಡು ಒಳಗೆ ನುಗ್ಗಿದ್ರೂ ಬುಟ್ಟಿ ಕೆಳಗೆ ಅವನು ನಿಂತಿರ್ತಿದ್ದ, ಕೈ ಎತ್ತಿದ್ರೆ ಸಾಕಿತ್ತು. ಅವನು ಇಲ್ದೆ ಇದ್ದಾಗ ಅದೇ ತಪ್ಪಿಗೆ ಈಗ ಅವನ ಜಾಗಕ್ಕೆ ಬಂದ ಸ್ಯಾಮ್ಸನ್ ಜಾನ್ಸನ್ ಲೇಟಾಗಿ ಓಡಿ ಬರ್ಬೇಕು, ಲೇಟಾದ್ರೆ ಫೌಲು, ಎರಡು ಫೌಲಾದ್ರೆ ಬೆಂಚು. ಹೊರಗಿನ ಡಿಫೆನ್ಸ್ ಎಷ್ಟು ಸಡಿಲ ಇತ್ತು ಅನ್ನೋದನ್ನ ಆ ಒಬ್ಬ ಮುಚ್ಚಿಟ್ಟಿದ್ದ. ಗೆದ್ದ ವರ್ಷ ನೋಡಿದೋರಿಗೆ ಇದು ಗೊತ್ತೇ ಆಗಿರಲ್ಲ.

ವಾಪಸ್ ಬಂದು ಏನ್ ಮಾಡಿದ್ರು ನೋಡಿ. ಡಿಸೆಂಬರ್ ಮೊದಲ ಎರಡು ವಾರದಲ್ಲಿ ಬೇಲರ್‌ನ 76-72, ಆಸ್ಟಿನ್‌ಗೆ ಹೋಗಿ ಟೆಕ್ಸಾಸನ್ನ 76-65, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಲ್ಲಿ ಗೊನ್ಜಾಗಾನ 77-71. ಕಾಲೇಜಿಗೆ ಬಂದು ಆರೇಳು ತಿಂಗಳಾಗಿರೋ ಮೆಕ್‌ನೀಲಿ ಗೊನ್ಜಾಗಾ ಮೇಲೆ 26 ಪಾಯಿಂಟ್. ಕಪ್ ಗೆದ್ದ ರಾತ್ರಿಗಿಂತ ಈ ಎರಡು ವಾರ ನನಗೆ ಹೆಚ್ಚು ಇಷ್ಟ, ನಿಜವಾಗ್ಲೂ.

ಈಗ ಸ್ಟೇಡಿಯಂ ವಿಷಯ. ಹೋಮ್ ಮ್ಯಾಚ್‌ಗಳು ಎರಡು ಕಡೆ ಹಂಚಿರ್ತಾರೆ, ಸ್ವಲ್ಪ ಸ್ಟೋರ್ಸ್ ಕ್ಯಾಂಪಸ್ಸಲ್ಲಿರೋ ಗ್ಯಾಂಪೆಲ್ ಪೆವಿಲಿಯನಲ್ಲಿ, ಸ್ವಲ್ಪ ಹಾರ್ಟ್‌ಫರ್ಡ್ ಸಿಟಿ ಮಧ್ಯದಲ್ಲಿರೋ ಎಕ್ಸ್‌ಎಲ್ ಸೆಂಟರಲ್ಲಿ, ಅದಕ್ಕೆ 2025ರಲ್ಲಿ ಪೀಪಲ್ಸ್‌ಬ್ಯಾಂಕ್ ಅರೀನಾ ಅಂತ ಹೆಸರು ಬದ್ಲಾಯ್ಸಿದ್ರು. ಟಿಕೆಟ್ ಬುಕ್ ಮಾಡೋಕೆ ಮುಂಚೆ ಯಾವ ಜಾಗ ಅಂತ ನೋಡ್ಕೊಳ್ಳಿ, ಎರಡೂ ಬೇರೆ ಬೇರೆ ಊರು. ಹಾರ್ಟ್‌ಫರ್ಡ್ ದೊಡ್ಡದು, ಸೀಟ್ ಸಿಗೋ ಚಾನ್ಸ್ ಜಾಸ್ತಿ, ಮಕ್ಕಳು ವಯಸ್ಸಾದೋರನ್ನ ಕರ್ಕೊಂಡು ಹೋಗೋರಿಗೆ ಅದೇ ಆರಾಮ. ಆದ್ರೆ ಒಂದೇ ಒಂದು ಮ್ಯಾಚ್ ನೋಡೋದು ಅಂದ್ರೆ ಕಣ್ಮುಚ್ಚಿ ಗ್ಯಾಂಪೆಲ್ ಅಂತೀನಿ. 1990ರಲ್ಲಿ ಕಟ್ಟಿದ್ದು, ಹತ್ತು ಸಾವಿರ ಚಿಲ್ಲರೆ ಜನ, ಮೇಲೆ ಗುಮ್ಮಟ, ಸೌಂಡೆಲ್ಲ ಮೇಲೆ ಹೋಗಿ ವಾಪಸ್ ತಲೆ ಮೇಲೇ ಬೀಳುತ್ತೆ. ಸ್ಟೂಡೆಂಟ್ಸ್ ಕೋರ್ಟಿಗೆ ಅಂಟ್ಕೊಂಡೇ ನಿಂತಿರ್ತಾರೆ, ಎದುರಾಳಿ ಫ್ರೀ ಥ್ರೋ ಹಾಕೋವಾಗ ಪಕ್ಕದಲ್ಲಿ ಕೂತೋರ ಮಾತು ಕೇಳಲ್ಲ.

ಸೀಟ್ ಬಗ್ಗೆ ಒಂದು ಮಾತು, ಎಲ್ರೂ ಕೆಳಗಿನ ಸೀಟೇ ಬೇಕು ಅಂತಾರೆ, ನಾನು ಮೇಲಿನ ಲೆವೆಲ್ ಮಧ್ಯದ ಸೀಟೇ ರೆಕಮೆಂಡ್ ಮಾಡೋದು, ರೇಟೂ ಕಮ್ಮಿ. ಯಾಕಂದ್ರೆ ಹರ್ಲಿ ಆಫೆನ್ಸಲ್ಲಿ ನೋಡೋ ವಿಷಯ ಬಾಲ್ ಹತ್ರ ಇರಲ್ಲ. 2024-25ರಲ್ಲಿ ಪಾಯಿಂಟ್ ಗಾರ್ಡ್ ಹಸನ್ ಡಿಯಾರಾ ಬುಟ್ಟಿಯಿಂದ ದೂರದಲ್ಲಿ ಬಾಲ್ ಬಡೀತಾ ನಿಂತಿರ್ತಿದ್ದ, ಆ ಹೊತ್ತಲ್ಲಿ ಸಾಲಮನ್ ಬಾಲ್ ಅನ್ನೋ ಶೂಟರ್ ಮೂಲೆಯಿಂದ ಹೊರಟು ಬೇಸ್‌ಲೈನ್ ಪಕ್ಕ ಒಂದು ಸ್ಕ್ರೀನ್ (ಅಡ್ಡ ನಿಂತಿರೋ ತನ್ನದೇ ಟೀಮಿನವನು) ಸುತ್ತಿ, ದಿಕ್ಕು ಬದ್ಲಾಯ್ಸಿ ಇನ್ನೊಂದು ಸ್ಕ್ರೀನ್ ಸುತ್ತಿ, ಅವನನ್ನ ಕಾಯ್ತಿರೋನು ಜಾನ್ಸನ್ ಎದೆಗೆ ಡಿಕ್ಕಿ ಹೊಡೆದು ಅರ್ಧ ಹೆಜ್ಜೆ ಹಿಂದೆ ಬೀಳ್ತಿದ್ದ, ಅಷ್ಟೇ ಬೇಕಾಗಿದ್ದು, ಬಾಲ್ ಬರೋ ಮುಂಚೆನೇ ಸಾಲಮನ್ ಕಾಲು ಸೆಟ್ ಮಾಡ್ಕೊಂಡಿರ್ತಿದ್ದ, ತ್ರೀ, ಅಂದ್ರೆ ಮೂರು ಪಾಯಿಂಟಿನ ಶಾಟ್. ಆ ವರ್ಷ ಅವನು ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ತ್ರೀ ಹಾಕಿದಾನೆ. ಟೀವಿ ಕ್ಯಾಮೆರಾ ಬಾಲ್ ಹಿಂದೆ ಓಡುತ್ತೆ, ಈ ಓಟದ ಅರ್ಧ ಮಾತ್ರ ಕಾಣುತ್ತೆ.

ಡಿಯಾರಾ ಬಗ್ಗೆ ಬರೀದೆ ಇದ್ರೆ ಈ ರಿವ್ಯೂ ಅಪೂರ್ಣ. ಗೆದ್ದ ವರ್ಷ ಬೆಂಚಿಂದ ಬಂದು ಯುಕಾನ್ ಆಡೋ ಬಿಗ್ ಈಸ್ಟ್ ಲೀಗಿನ ಬೆಸ್ಟ್ ಸಿಕ್ಸ್ತ್ ಮ್ಯಾನ್ ಅವಾರ್ಡ್ ತಗೊಂಡೋನು, ಈ ವರ್ಷ ಪೂರ್ತಿ ಟೀಮ್ ನಡ್ಸೋ ಭಾರ ಅವನ ಮೇಲೆ. ಮಂಡಿ ನೋವಿಟ್ಕೊಂಡೇ ಆಡಿದ. ಅವನಷ್ಟು ಮನಸ್ಸಿಟ್ಟು ಆಡಿದ ಹುಡುಗ ಆ ಟೀಮಲ್ಲಿ ಇನ್ನೊಬ್ಬ ಇಲ್ಲ ಅಂತ ನಾನಂತೂ ಹೇಳ್ತೀನಿ.

ಟಿಕೆಟ್ ಕೊಳ್ಳೋ ರಗಳೆ ಅಂದ್ನಲ್ಲ. ದೊಡ್ಡ ಮ್ಯಾಚಿಗೆ ಬೇಗ ಖಾಲಿ ಆಗಿ ರೀಸೇಲ್‌ಗೆ ಹೋಗ್ಬೇಕಾಗುತ್ತೆ, ನಾನು ಬಳಸಿದ ಒಂದು ರೀಸೇಲ್ ಆ್ಯಪಲ್ಲಿ ಮೊದಲ ಪೇಜಲ್ಲಿ ಒಂದು ರೇಟು, ದುಡ್ಡು ಕಟ್ಟೋ ಪೇಜಿಗೆ ಬರೋ ಹೊತ್ತಿಗೆ ಸರ್ವಿಸ್ ಫೀ ಅದು ಇದು ಸೇರಿ ಬೇರೆನೇ ರೇಟು. ಅಷ್ಟೊತ್ತಿಗೆ ಟೈಮರ್ ಓಡ್ತಿರುತ್ತೆ, ಯೋಚ್ನೆ ಮಾಡೋಕೆ ಬಿಡಲ್ಲ. ಕಾಲೇಜ್ ಮ್ಯಾಚ್ ನೋಡೋಕೆ ಫ್ಯಾಮಿಲಿ ಸಮೇತ ಬರೋರಿಗೆ ಹಿಂಗೆ ಮಾಡೋದು ಅನ್ಯಾಯ. ಎಲ್ಲಾ ಫೀ ಸೇರಿಸಿದ ರೇಟನ್ನೇ ಮೊದಲು ತೋರ್ಸೋ ಆಪ್ಷನ್ ಇದ್ರೆ ಅದನ್ನ ಆನ್ ಮಾಡ್ಕೊಂಡು ಹುಡ್ಕಿ.

ಜನವರಿ, ಫೆಬ್ರವರಿ ಬಿಗ್ ಈಸ್ಟ್ ಮ್ಯಾಚ್‌ಗಳ ಕಾಲ. ಜನವರಿ ಒಂದಕ್ಕೇ ಡಿಪಾಲ್ ಮೇಲೆ ಆಡುವಾಗ ಮೆಕ್‌ನೀಲಿ ಪಾದದ ಗಂಟು ಉಳುಕಿ ಒಂದು ತಿಂಗಳ ಮೇಲೆ ಹೊರಗೆ ಕೂತ, ಅವನಿಲ್ದೆ ವಿಲನೋವಾ, ಕ್ರೈಟನ್, ಜೇವಿಯರ್ ಕೈಲಿ ಸೋಲು, ಯಾವುದೂ ದೊಡ್ಡ ಅಂತರ ಅಲ್ಲ, ಎಲ್ಲಾ ಕೊನೇ ನಿಮಿಷಗಳಲ್ಲಿ ಜಾರಿದ್ದು. ಫೆಬ್ರವರಿ 7ಕ್ಕೆ ಗ್ಯಾಂಪೆಲಲ್ಲಿ ಕೋಚ್ ರಿಕ್ ಪಿಟಿನೋ ಅವರ ಸೇಂಟ್ ಜಾನ್ಸ್ ಬಂದು 68-62ಕ್ಕೆ ಗೆದ್ದು ಹೋಯ್ತು, ಆ ವರ್ಷ ಬಿಗ್ ಈಸ್ಟ್ ಲೀಗೂ ಅವರದ್ದೇ ಟೂರ್ನಮೆಂಟೂ ಅವರದ್ದೇ. ನಾಲ್ಕು ದಿನ ಆದ್ಮೇಲೆ ಮೆಕ್‌ನೀಲಿ ಕ್ರೈಟನ್ ಮನೆಗೇ ಹೋಗಿ 38 ಪಾಯಿಂಟ್ ಹಾಕಿ 70-66ಕ್ಕೆ ಗೆಲ್ಸಿದ, ಇನ್ನು ನಾಲ್ಕು ದಿನಕ್ಕೆ ಪಟ್ಟೀಲಿ ತಳದಲ್ಲಿದ್ದ ಸೀಟನ್ ಹಾಲ್ ಕೈಲಿ ಓವರ್‌ಟೈಮಲ್ಲಿ 69-68ಕ್ಕೆ ಸೋತ್ರು. ಒಂದು ವಾರದಲ್ಲಿ ಇಷ್ಟು ಮೇಲೆ ಕೆಳಗೆ.

ಮಾರ್ಚ್ ಟೂರ್ನಮೆಂಟ್ ಟೀವಿ ವ್ಯವಸ್ಥೆಗೆ ಪೂರ್ತಿ ಮಾರ್ಕ್ಸ್. 67 ಮ್ಯಾಚ್ ಸಿಬಿಎಸ್, ಟಿಬಿಎಸ್, ಟಿಎನ್‌ಟಿ, ಟ್ರೂಟಿವಿ ಅಂತ ನಾಲ್ಕು ಚಾನೆಲ್ಲಿಗೆ ಹಂಚಿರ್ತಾರೆ, ಪ್ರತಿ ಮ್ಯಾಚನ್ನೂ ಶುರುವಿಂದ ಕೊನೇ ತನಕ ನೋಡ್ಬೋದು, ಮಾರ್ಚ್ ಮ್ಯಾಡ್‌ನೆಸ್ ಲೈವ್ ಅನ್ನೋ ಆ್ಯಪಲ್ಲಿ ಎಲ್ಲಾ ಒಂದೇ ಕಡೆ, ಬರೀ ಟೀವಿ ಪ್ರೊವೈಡರ್ ಲಾಗಿನ್ ಮೊದ್ಲೇ ಹಾಕಿ ರೆಡಿ ಇಟ್ಕೊಳ್ಳಿ.

ಯುಕಾನ್‌ಗೆ ಸಿಕ್ಕಿದ್ದು ಎಂಟನೇ ಸೀಡ್, ಅಂದ್ರೆ ಟೂರ್ನಮೆಂಟಿನ ತನ್ನ ಗುಂಪಲ್ಲಿ ಎಂಟನೇ ಶ್ರೇಯಾಂಕ. ಮೊದಲ ಮ್ಯಾಚ್ ಓಕ್ಲಹೋಮಾ ಮೇಲೆ 67-59, ಟೂರ್ನಮೆಂಟಲ್ಲಿ ಸತತ ಹದಿಮೂರನೇ ಗೆಲುವು. ಮಾರ್ಚ್ 23ಕ್ಕೆ ಮೊದಲನೇ ಸೀಡ್ ಫ್ಲೋರಿಡಾ. ಆ ಮ್ಯಾಚ್ ಎಲ್ಲಾದ್ರೂ ಸಿಕ್ಕಿದ್ರೆ ಪೂರ್ತಿ ನೋಡಿ, ಹೈಲೈಟ್ಸ್ ಬೇಡ. ಇಡೀ ವರ್ಷ ಬೈಸ್ಕೊಂಡಿದ್ದ ಡಿಫೆನ್ಸು ಅವತ್ತು ಕಾಲು ನೆಲಕ್ಕೆ ಊರಿ ನಿಂತಿತ್ತು, ಒಳಗೆ ನುಗ್ಗೋರಿಗೆ ಎದುರಿಗೆ ಯಾರೋ ಒಬ್ರು ಮೊದ್ಲೇ ಬಂದು ನಿಂತಿರ್ತಿದ್ರು, ನವೆಂಬರಲ್ಲಿ ಲೇಟಾಗಿ ಓಡಿ ಬರ್ತಿದ್ದ ಅದೇ ಹುಡುಗರು. ಕೊನೇ ನಿಮಿಷಗಳ ತನಕ ಯುಕಾನ್ ಮುಂದೆ ಇತ್ತು, ಆಮೇಲೆ ವಾಲ್ಟರ್ ಕ್ಲೇಟನ್ ಜೂನಿಯರ್ ಅನ್ನೋನು ಹೊರಗಿಂದ ತ್ರೀ ಹಾಕೋಕೆ ಶುರು ಮಾಡಿದ, 77-75. ಅದೇ ಫ್ಲೋರಿಡಾ ಏಪ್ರಿಲ್ 7ಕ್ಕೆ ಹ್ಯೂಸ್ಟನ್ ಯೂನಿವರ್ಸಿಟೀನ 65-63ಕ್ಕೆ ಸೋಲ್ಸಿ ಚಾಂಪಿಯನ್ ಆಯ್ತು. ಒಟ್ಟು ಲೆಕ್ಕ 24 ಗೆಲುವು, 11 ಸೋಲು. ಪೇಪರಲ್ಲಿ ನೋಡಿದ್ರೆ ಹೋದ ವರ್ಷದ 37-3 ಮುಂದೆ ಸಪ್ಪೆ, ಆದ್ರೆ ಈ 35 ಮ್ಯಾಚಲ್ಲಿ ಕಲಿಯೋಕೆ ಸಿಕ್ಕಿದ್ದು ಆ 40ರಲ್ಲಿ ಸಿಗ್ಲಿಲ್ಲ.

ಯಾವ ಟೀಮಾದ್ರೂ ಸರಿ, ಗೆದ್ದ ಮರುವರ್ಷದ ಟಿಕೆಟ್ ನೋಡ್ತಿರೋರಿಗೆ ನನ್ನ ಸಲಹೆ ಇಷ್ಟು: ನವೆಂಬರಲ್ಲಿ ಚಿಕ್ಕ ಕಾಲೇಜುಗಳ ಮೇಲೆ ಆಡೋ ಮ್ಯಾಚುಗಳಿಗೆ ಜಾಸ್ತಿ ಖರ್ಚು ಮಾಡ್ಬೇಡಿ, ಆ ದುಡ್ಡನ್ನ ಉಳ್ಸಿ ಡಿಸೆಂಬರ್ ಮೊದಲ ವಾರದ ಒಂದು ದೊಡ್ಡ ಮ್ಯಾಚು, ಫೆಬ್ರವರೀಲಿ ಲೀಗಿನ ಟಾಪ್ ಟೀಮ್ ಬರೋ ಒಂದು ಮ್ಯಾಚು ತಗೊಳ್ಳಿ, ಎರಡಕ್ಕೂ ಒಂದೇ ಜಾಗದ ಸೀಟ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಟೀಮಲ್ಲಿ ಏನು ಬದ್ಲಾಗಿದೆ ಅಂತ ಅದೇ ಕೋನದಿಂದ ನೋಡ್ಬೋದು. ಸ್ಟೋರ್ಸಿಗೆ ಹೋಗೋರು ಅರ್ಧ ಗಂಟೆ ಮುಂಚೆನೇ ಒಳಗೆ ಹೋಗಿ ವಾರ್ಮಪ್ ನೋಡಿ, ಚಳಿಗಾಲದ ರಾತ್ರಿ ಮ್ಯಾಚಾದ್ರೆ ವಾಪಸ್ ಡ್ರೈವ್‌ಗೆ ಟೈಮ್ ಜಾಸ್ತಿ ಇಟ್ಕೊಳ್ಳಿ.