ಪಿ3ಎಚ್‌ಟಿಯೋ, ಪಿಎಂ6ಓ? ಸೋಲಾರ್ ಸೆಲ್‌ಗೆ ಯಾವ ಪಾಲಿಮರ್

ಅರೆವಾಹಕ (ವಿದ್ಯುತ್ ಹರಿಸಬಲ್ಲ, ಉದ್ದ ಸರಪಳಿಯಂಥ ಅಣುಗಳ) ಪಾಲಿಮರ್‌ಗಳ ಕೆಲಸಕ್ಕೆ ಹೊಸದಾಗಿ ಬರುವವರಿಗೆಲ್ಲ ಪಿಎಂ6 ಮೇಲೇ ಕಣ್ಣು. ಎರಡನ್ನೂ ಲ್ಯಾಬಿನಲ್ಲಿ ಬಳಸಿ ನೋಡಿದ ಮೇಲೆ, ಮೊದಲು ಹಿಡಿಯಬೇಕಾದದ್ದು ಹಳೆಯ ಪಿ3ಎಚ್‌ಟಿಯನ್ನೇ ಎನ್ನುತ್ತೇನೆ.

ಬಿದ್ದ ಬೆಳಕಿನಲ್ಲಿ ಎಷ್ಟು ಪಾಲು ವಿದ್ಯುತ್ತಾಗುತ್ತದೆ ಎಂಬ ದಕ್ಷತೆಯಲ್ಲಿ ಪೈಪೋಟಿಯೇ ಇಲ್ಲ, ಪಿಎಂ6 ಬಹಳ ಮುಂದೆ. ಪಿ3ಎಚ್‌ಟಿಗೆ ಎಲೆಕ್ಟ್ರಾನ್ ಸೆಳೆದುಕೊಳ್ಳುವ ಪಿಸಿಬಿಎಂ ಎಂಬ ಫುಲರೀನ್ (ಚೆಂಡಿನಾಕಾರದ ಇಂಗಾಲದ ಅಣು) ಬೆರೆಸಿದರೆ ಸಾಮಾನ್ಯವಾಗಿ ಸಿಗುವುದು ಶೇ. 3ರಿಂದ 5. ಪಿಎಂ6 ಜೊತೆ ಅದೇ ಕೆಲಸ ಮಾಡುವ, ಫುಲರೀನ್ ಅಲ್ಲದ ವೈ6 ಎಂಬ ಅಣುವನ್ನು ಬೆರೆಸಿ ಚೀನಾದ ಸಂಶೋಧಕರು 2019ರಲ್ಲೇ ಶೇ. 15.7 ತೋರಿಸಿದರು. ಪಿ3ಎಚ್‌ಟಿ ಸುಮಾರು 650 ನ್ಯಾನೊಮೀಟರಿನ ಆಚೆಗಿನ ಬೆಳಕನ್ನು ಬಿಟ್ಟುಬಿಡುತ್ತದೆ. ವೈ6 ಮಾತ್ರ 900 ದಾಟಿ ಇನ್‌ಫ್ರಾರೆಡ್ಡನ್ನೂ ಹೀರುತ್ತದೆ. ವೋಲ್ಟೇಜಿನಲ್ಲೂ ಹಾಗೆಯೇ: ಪಿ3ಎಚ್‌ಟಿಯಲ್ಲಿ 0.6 ವೋಲ್ಟಿನ ಆಸುಪಾಸು, ಪಿಎಂ6ನಲ್ಲಿ 0.8ಕ್ಕೂ ಮೇಲೆ. ಪಿಎಂ6 ಸರಪಳಿಯಲ್ಲಿರುವ ಫ್ಲೋರಿನ್ ಅದರ ಎಲೆಕ್ಟ್ರಾನ್‌ಗಳ ಶಕ್ತಿಮಟ್ಟವನ್ನು ಕೆಳಗಿಳಿಸಿರುವುದು ಇದಕ್ಕೊಂದು ಕಾರಣ.

ಆದರೆ ಗಾಜಿನ ಮೇಲೆ ತೆಳು ಪದರ, ಅಂದರೆ ಫಿಲ್ಮ್ ಮಾಡಲು ಕೂತಾಗ ಲೆಕ್ಕ ಬೇರೆ. ಪಿ3ಎಚ್‌ಟಿಯನ್ನು ಕ್ಲೋರೋಬೆಂಜೀನಿನಲ್ಲಿ ಕರಗಿಸುತ್ತೇವೆ. ಅದು ಕುದಿಯುವುದು 131 ಡಿಗ್ರಿಗೆ, ಹಾಗಾಗಿ ನಿಧಾನವಾಗಿ ಆರುತ್ತದೆ, ಕೈಗೆ ಪುರುಸೊತ್ತು ಸಿಗುತ್ತದೆ. ದ್ರಾವಣ ಹಾಕಿ ವೇಗವಾಗಿ ತಿರುಗಿಸಿದ (ಸ್ಪಿನ್ ಮಾಡಿದ) ಗಾಜನ್ನು ಹಾಟ್‌ಪ್ಲೇಟಿನ ಮೇಲಿಟ್ಟರೆ ಕಿತ್ತಳೆಗೆಂಪು ಪದರ ಕಣ್ಣೆದುರೇ ನೇರಳೆಯ ಕಡೆಗೆ ಕಪ್ಪಾಗುತ್ತದೆ. ಸರಪಳಿಗಳು ಒಂದರ ಮೇಲೊಂದು ಒತ್ತಾಗಿ ಜೋಡಿಸಿಕೊಂಡ ಗುರುತು ಅದು; ಹೀರಿದ ಬೆಳಕಿನ ಸ್ಪೆಕ್ಟ್ರಂನಲ್ಲಿ 600 ನ್ಯಾನೊಮೀಟರಿನ ಬಳಿ ಎದ್ದು ನಿಲ್ಲುವ ಭುಜವೂ (ಮುಖ್ಯ ಶಿಖರದ ಪಕ್ಕದ ಉಬ್ಬು) ಅದನ್ನೇ ಹೇಳುತ್ತದೆ. ಪದರದ ಒಳರಚನೆ ಬದಲಾದರೆ ಕರೆಂಟು ಹೇಗೆ ಬದಲಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಇನ್ನೊಂದು ಪಾಲಿಮರ್ ನಾನು ಕಂಡಿಲ್ಲ.

ಪಿಎಂ6:ವೈ6ಗೆ ಬಳಸುವುದು ಹೆಚ್ಚಾಗಿ ಕ್ಲೋರೋಫಾರಂ. 61 ಡಿಗ್ರಿಗೇ ಕುದಿಯುವ ದ್ರವ. ಹನಿ ಹಾಕಿ ಸ್ಪಿನ್ ಶುರುಮಾಡಲು ಚೂರು ತಡವಾದರೂ ಗಾಜಿನ ಅಂಚಿಗೊಂದು ದಪ್ಪ, ನಡುವಿಗೊಂದು ದಪ್ಪ. ಜೊತೆಗೆ ನಿಧಾನವಾಗಿ ಆರುವ ಕ್ಲೋರೋನ್ಯಾಫ್ತಲೀನ್ ಎಂಬ ದ್ರವವನ್ನು ಹನಿಯಷ್ಟು ಸೇರಿಸುವ ಲೆಕ್ಕಾಚಾರ ಬೇರೆ. ಕೈ ಪಳಗಿದವರಿಗೆ ಇದು ಕಷ್ಟವಲ್ಲ, ಹೊಸಬರಿಗೆ ಮಾತ್ರ ತಪ್ಪು ಎಲ್ಲಾಯಿತೆಂದೇ ತಿಳಿಯುವುದಿಲ್ಲ.

ಬೆಳಕು ಬೀರುವ ಡಯೋಡ್ ಬೇಕಿದ್ದರೆ ಪಿ3ಎಚ್‌ಟಿಯನ್ನು ಪಕ್ಕಕ್ಕಿಡಿ. ಸೋಲಾರ್ ಸೆಲ್‌ಗೆ ವರವಾದ ಆ ಒತ್ತಾದ ಜೋಡಣೆಯೇ ಇಲ್ಲಿ ಬೆಳಕನ್ನು ಕೊಲ್ಲುತ್ತದೆ. 1990ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮೊದಲು ಬೆಳಗಿದ್ದು ಪಿಪಿವಿ ಎಂಬ ಇನ್ನೊಂದು ಪಾಲಿಮರ್. ಅದು ನೇರವಾಗಿ ಕರಗದು. ಕವಲೊಡೆದ ಪಕ್ಕದ ಸರಪಳಿಯಿರುವ ಎಂಇಎಚ್-ಪಿಪಿವಿ ಸಲೀಸಾಗಿ ಕರಗಿ ಚೆಂದದ ಕಿತ್ತಳೆಗೆಂಪು ಬೆಳಕು ಕೊಡುತ್ತದೆ. ಗಾಳಿ ತಾಗಿದರೆ ಬೇಗ ಹಾಳಾಗುತ್ತದೆ, ಗಾಳಿ ಸೇರದ ಗ್ಲವ್ ಬಾಕ್ಸ್ ಬೇಕೇ ಬೇಕು.

ಪಿಎಂ6ಗೇ ಹೋಗುವವರು ಇಡೀ ಪ್ರಯೋಗಕ್ಕೆ ಬೇಕಾದಷ್ಟನ್ನು ಒಂದೇ ಬ್ಯಾಚಿನಿಂದ ತರಿಸಿಕೊಳ್ಳಿ. ಅಣುತೂಕ ಬದಲಾದರೆ ಅದೇ ಅಳತೆಯ ದ್ರಾವಣವೂ ಬೇರೆಯೇ ಫಿಲ್ಮ್ ಕೊಡುತ್ತದೆ.