ಒಂದೇ ಆತಂಕ, ಮೂರು ಬಗೆಯ ಕೌನ್ಸೆಲಿಂಗ್: ನನಗೆ ಕಂಡ ವ್ಯತ್ಯಾಸ

ಹತ್ತು ಜನರ ಮುಂದೆ ಎದ್ದು ಮಾತಾಡಬೇಕು ಅಂದರೆ ನನಗೆ ವಿಪರೀತ ಆತಂಕ. ಈ ಒಂದೇ ತೊಂದರೆಗೆ ಬೇರೆ ಬೇರೆ ಕಾಲದಲ್ಲಿ ಮೂರು ಬಗೆಯ ಕೌನ್ಸೆಲಿಂಗ್ ಪಡೆದಿದ್ದೇನೆ. ಮೊದಲು ಕಾರ್ಲ್ ರೋಜರ್ಸ್ ಅವರ ವ್ಯಕ್ತಿಕೇಂದ್ರಿತ ಪದ್ಧತಿ, ಆಮೇಲೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಚಿಕಿತ್ಸೆ), ಕೊನೆಗೆ ಆರ್ನಾಲ್ಡ್ ಲಜಾರಸ್ ರೂಪಿಸಿದ ಮಲ್ಟಿಮೋಡಲ್, ಅಂದರೆ ತೊಂದರೆಯನ್ನು ಹಲವು ಕಡೆಯಿಂದ ನೋಡುವ ಪದ್ಧತಿ. ಮೂರರಿಂದಲೂ ನನಗೆ ಸಹಾಯವಾಗಿದೆ, ಆದರೆ ಒಂದೇ ರೀತಿಯಲ್ಲಿ ಅಲ್ಲ.

ರೋಜರ್ಸ್ ಪದ್ಧತಿಯಲ್ಲಿ ಸಲಹೆ, ಹೋಂವರ್ಕ್ ಏನೂ ಇರಲಿಲ್ಲ. ಆಪ್ತಸಮಾಲೋಚಕರು ಮನಸ್ಸಿಟ್ಟು ಕೇಳುತ್ತಿದ್ದರು. ನನ್ನ ಮಾತಿನ ಹಿಂದಿದ್ದ ಭಾವನೆಯನ್ನು ತಮ್ಮ ಮಾತಿನಲ್ಲಿ ಮತ್ತೆ ನನ್ನ ಮುಂದೆ ಇಡುತ್ತಿದ್ದರು. ಭಯಪಡುವುದು ನಾಚಿಕೆಯ ವಿಷಯ ಅನ್ನುವ ಭಾವ ಹೋಗಿದ್ದು ಅಲ್ಲೇ. ಅದು ಸಣ್ಣ ಲಾಭವಲ್ಲ. ಆದರೆ ಮಾತಿಗೆ ನಿಂತಾಗ ಕೈ ನಡುಗುವುದು ಹಾಗೇ ಉಳಿಯಿತು.

ಸಿಬಿಟಿಯ ಬೇರು 1960ರ ದಶಕದಲ್ಲಿ ಏರನ್ ಬೆಕ್ ಮಾಡಿದ ಕೆಲಸದಲ್ಲಿದೆ. ಇಲ್ಲಿ ಕೈಗೆ ಕೆಲಸ ಸಿಕ್ಕಿತು. ಏನಾಯಿತು, ಆಗ ಯಾವ ಯೋಚನೆ ಬಂತು, ಅದಕ್ಕೆ ಪುರಾವೆ ಏನು, ವಿರುದ್ಧ ಪುರಾವೆ ಏನು ಎಂದು ಬರೆಯಬೇಕಿತ್ತು. ‘ಎಲ್ಲರೂ ನನ್ನನ್ನು ದಡ್ಡ ಅಂದುಕೊಳ್ಳುತ್ತಾರೆ’ ಅನ್ನುವ ಯೋಚನೆ ಕಾಗದದ ಮೇಲೆ ನಿಲ್ಲಲಿಲ್ಲ. ಮನೆಯಲ್ಲಿ ಕೂತು ಬರೆದಾಗ ಎಲ್ಲ ಸರಿ. ಜನರ ಮುಂದೆ ಮಾತಿಗೆ ನಿಂತಾಗ ಮಾತ್ರ ಯೋಚನೆಯನ್ನು ಹಿಡಿಯುವಷ್ಟರಲ್ಲಿ ಗಂಟಲು ಒಣಗಿರುತ್ತಿತ್ತು.

ಯಾಕೆ ಹಾಗೆ ಅಂತ ತಿಳಿದದ್ದು ಮಲ್ಟಿಮೋಡಲ್‌ನಲ್ಲಿ. ಲಜಾರಸ್ ಮನುಷ್ಯನನ್ನು ಏಳು ಕಡೆಯಿಂದ ನೋಡುತ್ತಾರೆ: ನಡವಳಿಕೆ, ಭಾವನೆ, ದೇಹದ ಸಂವೇದನೆ, ಮನಸ್ಸಿನ ಚಿತ್ರ, ಯೋಚನೆ, ಇತರರ ಜೊತೆಗಿನ ಸಂಬಂಧ, ಔಷಧ-ಆರೋಗ್ಯ. ಇಂಗ್ಲಿಷ್ ಮೊದಲ ಅಕ್ಷರಗಳನ್ನು ಸೇರಿಸಿ ಇದನ್ನು ‘ಬೇಸಿಕ್ ಐಡಿ’ (BASIC I.D.) ಅನ್ನುತ್ತಾರೆ. ಉದ್ದದ ಪ್ರಶ್ನಾವಳಿ ತುಂಬಿಸಿ, ಪ್ರತಿ ಕಡೆಯ ತೊಂದರೆ ಏನು, ಅದಕ್ಕೆ ಯಾವ ತಂತ್ರ ಎಂದು ಒಂದು ಪಟ್ಟಿ ಮಾಡಿಕೊಂಡೆವು.

ಆಮೇಲೆ ಬಂತು ‘ಟ್ರ್ಯಾಕಿಂಗ್’. ಆತಂಕ ಯಾವ ಕ್ರಮದಲ್ಲಿ ಏರುತ್ತದೆ ಎಂದು ಹೆಜ್ಜೆಹೆಜ್ಜೆಯಾಗಿ ಗುರುತಿಸುವುದು. ನನ್ನಲ್ಲಿ ಮೊದಲು ಎದೆ ಬಿಗಿಯುತ್ತದೆ. ತಕ್ಷಣ ಜನ ನಗುತ್ತಿರುವ ಚಿತ್ರ ಕಣ್ಣಮುಂದೆ ಬರುತ್ತದೆ. ಯೋಚನೆ ಬರುವುದು ಮೂರನೆಯದಾಗಿ. ಕೊನೆಗೆ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುವುದು. ಚಿಕಿತ್ಸೆಯೂ ಅದೇ ಕ್ರಮದಲ್ಲಿ ಸಾಗಿತು. ಮೊದಲು ನಿಧಾನ ಉಸಿರಾಟ, ಸ್ನಾಯುಗಳನ್ನು ಬಿಗಿಮಾಡಿ ಸಡಿಲಿಸುವ ಜೇಕಬ್ಸನ್ ಅಭ್ಯಾಸ. ನಂತರ, ದನಿ ನಡುಗಿದರೂ ಮಾತು ಮುಂದುವರಿಸುತ್ತಿರುವ ನನ್ನನ್ನೇ ಕಲ್ಪಿಸಿಕೊಳ್ಳುವುದು. ಆಮೇಲೆ ಸಿಬಿಟಿಯ ಅದೇ ಹಾಳೆ. ಈ ಸಲ ಅದು ಕೆಲಸ ಮಾಡಿತು! ಕೊನೆಗೆ ಇಬ್ಬರ ಮುಂದೆ, ನಾಲ್ವರ ಮುಂದೆ ಮಾತಾಡುತ್ತಾ ಹೋದೆ. ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತಿದ್ದ ಕಾಫಿಯೂ ಪಟ್ಟಿಯಲ್ಲಿತ್ತು, ಅದನ್ನು ಬೇರೆ ಯಾರೂ ಕೇಳಿರಲಿಲ್ಲ.

ಇನ್ನೊಂದು ತಂತ್ರ ‘ಬ್ರಿಡ್ಜಿಂಗ್’, ನನಗೆ ತುಂಬಾ ಹಿಡಿಸಿದ್ದು. ‘ಏನನಿಸಿತು?’ ಅಂತ ಕೇಳಿದರೆ ನಾನು ಭಾವನೆ ಬಿಟ್ಟು ವಾದ ಹೇಳುವವನು. ಸಮಾಲೋಚಕಿ ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತು ನನ್ನ ವಾದದ ಜೊತೆಗೇ ಇದ್ದರು. ಆಮೇಲೆ ‘ಇದನ್ನು ಹೇಳುವಾಗ ಮೈಯಲ್ಲಿ ಎಲ್ಲಾದರೂ ಬಿಗಿತ ಇದೆಯಾ?’ ಅಂದರು. ಅಲ್ಲಿಂದ ಭಾವನೆಗೆ ದಾಟುವುದು ಸುಲಭವಾಯಿತು.

ಸುಮ್ನೆ ಎಲ್ಲದರಿಂದ ಒಂದಿಷ್ಟು ತೆಗೆದುಕೊಂಡಂತೆ ಕಾಣುತ್ತದೆ, ಅಲ್ವಾ? ಲಜಾರಸ್ ಅದನ್ನು ಒಪ್ಪುತ್ತಿರಲಿಲ್ಲ. ತಂತ್ರಗಳನ್ನು ಎಲ್ಲಿಂದಲಾದರೂ ತರಬಹುದು, ಸಿದ್ಧಾಂತಗಳನ್ನು ಮಾತ್ರ ಕಲಸಬಾರದು ಅನ್ನುವುದು 1967ರಿಂದ ಅವರ ನಿಲುವು. ಅನುಭವ ಕಡಿಮೆ ಇರುವವರ ಕೈಯಲ್ಲಿ ಇದು ಬರೀ ಪಟ್ಟಿ ತುಂಬಿಸುವ ಕೆಲಸವಾಗಬಹುದು. ಬರವಣಿಗೆಯೂ ಜಾಸ್ತಿ. ಸಂಶೋಧನೆಯ ಬೆಂಬಲ ನೋಡಿದರೆ ಸಿಬಿಟಿಯೇ ಬಹಳ ಮುಂದಿದೆ. ಹಾಗಾಗಿ ಒಂದೇ ಸ್ಪಷ್ಟ ಭಯ ಇರುವವರು ನೇರವಾಗಿ ಅಲ್ಲಿಗೆ ಹೋಗಲಿ. ಯಾರನ್ನಾದರೂ ಕಳೆದುಕೊಂಡ ದುಃಖದಲ್ಲಿರುವವರಿಗೆ ನಾನು ರೋಜರ್ಸ್ ದಾರಿಯನ್ನೇ ಹೇಳುತ್ತೇನೆ. ಹಲವು ತೊಂದರೆ ಒಂದಕ್ಕೊಂದು ಹೆಣೆದುಕೊಂಡಿದ್ದರೆ, ಒಂದು ಪದ್ಧತಿ ಅರ್ಧಕ್ಕೆ ನಿಂತಿದ್ದರೆ ಮಲ್ಟಿಮೋಡಲ್ ನೋಡಿ. ಮೊದಲ ಭೇಟಿಯಲ್ಲೇ ಒಂದು ಪ್ರಶ್ನೆ ಕೇಳಿ: ‘ಯಾವ ತಂತ್ರವನ್ನು ಯಾವಾಗ ಬಳಸಬೇಕು ಅಂತ ಹೇಗೆ ನಿರ್ಧರಿಸುತ್ತೀರಿ?’ ಉತ್ತರ ಸ್ಪಷ್ಟವಾಗಿಲ್ಲದಿದ್ದರೆ ಬೇರೆಯವರನ್ನು ಹುಡುಕಿ.